ಎಡಗಡೆಯ ವಿಂಗಿನ ಅಕ್ಕ

ಜನವರಿ 9. ಬೆಳಿಗ್ಗೆ ಆರು.

ಬಂದು ಸೇರಿರುವ ಮಹಾಜನಗಳೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಬೆಂಚಿನ ಶಿಳ್ಳೆಯವರೇ, ಕಂಬಕ್ಕೆ ಒರಗಿ ನಿಂತ ಪುಕ್ಕಟೆ ಗಿರಾಕಿಗಳೇ — ದಯವಿಟ್ಟು ಸದ್ದು ಮಾಡಬೇಡಿ. ಆಟ ಶುರುವಾಗುವುದಿದೆ.

ಮಹಾಜನ ಅಂದರೆ ಯಾರು? ಗೋಡೆಯ ಮೇಲೊಂದು ಹಲ್ಲಿ. ಮೊಳೆಗೆ ನೇತುಬಿದ್ದ ಎರಡು ಅಂಗಿ. ಅಕ್ಕನ ಹೊಲಿಗೆ ಮೆಷೀನು. ಈ ನೋಟ್‌ಬುಕ್ಕನ್ನು ಇನ್ಯಾರೂ ಓದುವವರಿಲ್ಲ. ಆದರೂ ಸಭೆಯನ್ನು ಕರೆಯದೆ ಬಾಯಿ ತೆರೆದು ಗೊತ್ತಿಲ್ಲ ನನಗೆ. ನಾಟಕ ಕಂಪನಿಯ ಬಟ್ಟೆ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವನು. ಅಪ್ಪ ರಾಜಪಾರ್ಟು. ನಾನು ಮೊದಲು ರಾಜಕುಮಾರ, ಮೀಸೆ ಬಂದ ಮೇಲೆ ಸೇನಾಪತಿ, ಕಂಪನಿ ಮುಚ್ಚಿದ ಮೇಲೆ ಏನೂ ಅಲ್ಲ. ಅಕ್ಕ ರಂಗದ ಎಡಗಡೆಯ ವಿಂಗಿನಲ್ಲಿ, ಪಕ್ಕದ ಪರದೆಯ ಮರೆಯಲ್ಲಿ, ಪುಸ್ತಕ ಹಿಡಿದು ಕೂರುತ್ತಿದ್ದ ಪ್ರಾಂಪ್ಟರು. ಮರೆತ ಮಾತನ್ನು ನಮಗೆ ಮಾತ್ರ ಕೇಳುವಂತೆ ಹೇಳಿಕೊಡುವವಳು. ಇಪ್ಪತ್ತೆರಡು ವರ್ಷ ಕೂತಳು. ಒಬ್ಬ ಪ್ರೇಕ್ಷಕನೂ ಅವಳ ದನಿ ಕೇಳಿದವನಲ್ಲ.

ಈಗ ಅವಳು ಮನೆಯಲ್ಲೇ ಬಟ್ಟೆ ಉದ್ದ-ಗಿಡ್ಡ ಮಾಡಿಕೊಡುತ್ತಾಳೆ. ನಾನು ಸುರಂಗದಲ್ಲಿ ಹಾಡುತ್ತೇನೆ. ಸುರಂಗ ಅಂದರೆ ರೈಲ್ವೆ ಸ್ಟೇಷನ್ನಿನಿಂದ ಆಸ್ಪತ್ರೆ ಕಡೆಗೆ ದಾಟುವ ಅಂಡರ್‌ಪಾಸು. ಮೂವತ್ತೆರಡು ಮೆಟ್ಟಿಲು ಇಳಿಯಬೇಕು. ಬಿಳಿ ಟೈಲ್ಸಿನ ಗೋಡೆ. ಎಂಟು ಟ್ಯೂಬ್‌ಲೈಟು, ಅದರಲ್ಲಿ ಒಂದು ಸದಾ ಗುಂಯ್‌ ಅನ್ನುತ್ತದೆ. ಗಿಟಾರನ್ನು ಅದರ ಶ್ರುತಿಗೇ ಸೇರಿಸಿಕೊಳ್ಳುತ್ತೇನೆ, ಬೇರೆ ದಾರಿಯಿಲ್ಲ. ಏಳರಿಂದ ಹತ್ತು ನನ್ನ ಹೊತ್ತು.

ನಿನ್ನೆ ನಿಂತವನು ಒಬ್ಬ. ಅದೂ ಶೂ ಲೇಸು ಕಟ್ಟಿಕೊಳ್ಳಲಿಕ್ಕೆ.

ಅಕ್ಕನಿಗೆ ಹೇಳಿದೆ. "ಪುಣ್ಯಾತ್ಮ ಕಣೋ," ಅಂದಳು. "ಚಪ್ಪಲಿ ಹಾಕಿಕೊಂಡವರು ಅಷ್ಟಕ್ಕೂ ನಿಲ್ಲಲ್ಲ."

ಇವತ್ತು ಮರೆಯಬಾರದ್ದು — ಮನೆಯ ಕೀಲಿ ಬೀಗದೊಳಗೇ ಮುರಿದಿದೆ. ಸುರಂಗದ ಬಾಯಲ್ಲಿ ಕೂರುವ ಬೀಗದವನ ಹತ್ತಿರ ಎರಡು ಮಾಡಿಸಬೇಕು.

ಜನವರಿ 17. ಮಧ್ಯಾಹ್ನ.

ಅಕ್ಕ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಾ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟೆ. ಗುರುತು ಹತ್ತಿತು.

ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಪರದೆ ಏಳುವ ಮುಂಚೆ ದೀಪವೆಲ್ಲ ಆರಿಸುವರು. ಆ ಕತ್ತಲಲ್ಲಿ ಅಕ್ಕ ವಿಂಗಿನಿಂದ ಒಬ್ಬೊಬ್ಬರನ್ನೇ ಪಿಸುದನಿಯಲ್ಲಿ ಕೇಳುವಳು. ರಾಜ, ಇದ್ದೀಯಾ? ಇದ್ದೀನಿ. ಸೇನಾಪತಿ, ಇದ್ದೀಯಾ? ಇದ್ದೀನಿ. ಒಂದೇ ಒಂದು ಉತ್ತರ ಬರದಿದ್ದರೂ ಪರದೆ ಏಳುತ್ತಿರಲಿಲ್ಲ. ಒಮ್ಮೆ ಮಂತ್ರಿ ಹಿಂದುಗಡೆ ಸಿಗರೇಟು ಸೇದುತ್ತಾ ಕೂತ. ಆರುನೂರು ಜನ ಕಾಲು ಗಂಟೆ ಕಾದರು. ಅಪ್ಪ ಕಿರೀಟದ ಸಮೇತ ಹೋಗಿ ಅವನ ಕಿವಿ ಹಿಡಿದು ಎಳೆದುಕೊಂಡು ಬಂದ.

ಅದನ್ನೇ ಅಕ್ಕ ಹಾಡು ಮಾಡಿದ್ದಾಳೆ. ಮೂರು ಚರಣ. ಯಾವಾಗ ಮಾಡಿದೆ ಅಂದರೆ, "ಮಾಡೋದೇನು, ಹೊಲಿಗೆ ಬಿಚ್ಚುವಾಗ ತಾನಾಗಿ ಬಂತು," ಅಂದಳು.

*ಪರದೆ ಹಿಂದೆ ಕತ್ತಲೆ, ಕೈಗೆ ಕೈ ಸಿಗದು —*
*ಇದ್ದೀಯಾ?*
*ದೀಪ ಹಚ್ಚುವ ಮುಂಚೆ ಒಂದು ಮಾತು ಸಾಕು —*
*ಇದ್ದೀಯಾ?*

"ನಂಗೆ ಕೊಡ್ತೀಯಾ?" ಅಂದೆ.

"ತಗೋ. ನಾನಿಟ್ಟುಕೊಂಡು ಏನು ಮಾಡಲಿ? ಮೊದಲಿಂದಲೂ ನಾನು ಹೇಳಿಕೊಡೋದು, ನೀವು ಆಡೋದು."

ಬರೆದುಕೊಳ್ಳುತ್ತಾ ಹೊಳೆಯಿತು. ಅವಳು ಎಲ್ಲರನ್ನೂ ಕೇಳುತ್ತಿದ್ದಳು. ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಫೆಬ್ರುವರಿ 2. ಮಧ್ಯಾಹ್ನ ಹನ್ನೆರಡು.

ಸಭಿಕರೇ, ನಿಂತರು. ಜನ ನಿಂತರು.

ಆದದ್ದು ಹೀಗೆ. ಏಳೂ ನಲವತ್ತರ ರೈಲು ಬಂತು. ಹೊಸ ಹಾಡನ್ನು ಎರಡು ಸಲ ಹಾಡಿದೆ. ಯಾರೂ ತಿರುಗಿ ನೋಡಲಿಲ್ಲ. ಗೋಡೆಗೆ ಗುದ್ದಿ ಕೈ ನೋಯಿಸಿಕೊಂಡ ಹಾಗಾಯಿತು. ಮೂರನೇ ಸಲಕ್ಕೆ ನನ್ನ ಗಂಟಲಿಗೆ ಅಪ್ಪ ಬಂದು ಕೂತ. ಗಿಟಾರು ಕೆಳಗಿಳಿಸಿ, ಎರಡೂ ಕೈ ಎತ್ತಿ, ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಹೇಳಿಬಿಟ್ಟೆ:

"ಮಹಾಜನಗಳೇ, ಈ ಹಾಡು ತೀರಿಕೊಂಡ ನನ್ನ ಅಕ್ಕನದು."

ಯೋಚಿಸಿ ಹೇಳಿದ್ದಲ್ಲ. ಮೊದಲ ಅಂಕದಲ್ಲಿ ಒಬ್ಬರು ಸತ್ತರೆ ಕೊನೇ ಅಂಕದವರೆಗೆ ಯಾರೂ ಕುರ್ಚಿ ಬಿಡುವುದಿಲ್ಲ — ಇದು ಅಪ್ಪ ಕಲಿಸಿದ ವಿದ್ಯೆ. ಅಪ್ಪ ವಾರಕ್ಕೆ ಎರಡು ಸಲ ಸಾಯುತ್ತಿದ್ದ, ಬಣ್ಣ ತೊಳೆದುಕೊಂಡು ಬಂದು ಊಟ ಕೇಳುತ್ತಿದ್ದ. ನಮ್ಮ ಮನೆಯಲ್ಲಿ ಸಾವು ಅಂದರೆ ಒಂದು ಕೆಲಸ. ನಾಲಿಗೆಗೆ ಭಾರವೇ ಅನ್ನಿಸಲಿಲ್ಲ.

ಮೊದಲು ನಿಂತವಳು ಆಸ್ಪತ್ರೆಯ ನರ್ಸು. ನೈಟ್ ಡ್ಯೂಟಿ ಮುಗಿಸಿ ಹೋಗುತ್ತಿದ್ದವಳು, ಕೊರಳಲ್ಲಿ ಇನ್ನೂ ಐಡಿ ಕಾರ್ಡು. ಅವಳ ಹಿಂದೆ ಇಬ್ಬರು. ಆಮೇಲೆ ಒಂದು ಗುಂಪು. "ಇದ್ದೀಯಾ" ಅಂದೆ. ಟೈಲ್ಸಿನ ಗೋಡೆ ಅದನ್ನೇ ತಿರುಗಿಸಿ ಕೊಟ್ಟಿತು — ದ್ದೀಯಾ… ದ್ದೀಯಾ… ನರ್ಸು ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಯಾರೋ ವಿಡಿಯೋ ಮಾಡಿದರು.

ಮನೆಗೆ ಬಂದೆ.

"ನಿಂತರಾ?"

"ನಿಂತರು."

"ಯಾಕಂತೆ?"

"ಇದು ನಮ್ಮ ಅಕ್ಕನ ಹಾಡು ಅಂದೆ."

ಹಲ್ಲಲ್ಲಿ ದಾರ ಕಚ್ಚಿ ಕತ್ತರಿಸಿದಳು. ಮುಖ ಅರಳಿದ್ದು ಕಾಣದ ಹಾಗೆ ಮೆಷೀನಿನ ಕಡೆ ಬಗ್ಗಿದಳು.

ನಾಳೆ ಸರಿಪಡಿಸುತ್ತೇನೆ. ಒಂದು ಮಾತು, ಅಷ್ಟೆ.

ಫೆಬ್ರುವರಿ 3.

ಸರಿಪಡಿಸಲಿಲ್ಲ. ನಲವತ್ತು ಜನ ಕಾಯುತ್ತಿದ್ದರು.

ಏಪ್ರಿಲ್ 23. ಬೆಳಿಗ್ಗೆ ಹನ್ನೊಂದು.

ಬರೆಯದೆ ಎಷ್ಟು ದಿನವಾಯಿತು. ಬರೆದರೆ ಓದಬೇಕಾಗುತ್ತದಲ್ಲ…

ಈಗ ನನಗೊಂದು ಹೆಸರಿದೆ: ಸುರಂಗದಣ್ಣ. ಬೇಕರಿಯವನು ಕರೆಯುತ್ತಾನೆ, ಬಸ್ಸಿನ ಡ್ರೈವರು ಹಾರ್ನ್ ಹೊಡೆದು ಕೈ ಎತ್ತುತ್ತಾನೆ. ನರ್ಸಮ್ಮ ಫೋನಿನಲ್ಲಿ ಗ್ರೂಪು ಮಾಡಿದ್ದಾಳೆ. ಒಂಬತ್ತು ಹಾಡು ಹೊಸದಾಗಿ ಕಟ್ಟಿದ್ದೇನೆ. ಲಿಫ್ಟಿನ ಮೇಲೊಂದು, ನೀರಿನ ಟ್ಯಾಂಕಿನ ಮೇಲೊಂದು, ಕಳೆದುಹೋದ ಕೊಡೆಯ ಮೇಲೊಂದು ತಮಾಷೆಯದು. ತಾಳ್ಮೆಯಿಂದ ಕೇಳುತ್ತಾರೆ, ಮನೆಗೆ ಬಂದ ನೆಂಟರ ಮಗು ಪದ್ಯ ಒಪ್ಪಿಸುವಾಗ ಕೇಳುವ ಹಾಗೆ. ಆಮೇಲೆ ಯಾರೋ ಮೆಲ್ಲಗೆ, "ಅಣ್ಣಾ… ಅಕ್ಕಂದು," ಅನ್ನುತ್ತಾರೆ.

ಇನ್ನೊಂದು ಶುರುವಾಗಿದೆ. ನಾನು "ಇದ್ದೀಯಾ" ಎಂದು ನಿಲ್ಲಿಸುವಲ್ಲಿ, ಗೋಡೆ ಉತ್ತರ ಕೊಡಲೆಂದು ಜಾಗ ಬಿಡುವಲ್ಲಿ, ಜನರೇ ಉತ್ತರ ಕೊಡುತ್ತಾರೆ. ಒಟ್ಟಾಗಿ, ಕೆಳದನಿಯಲ್ಲಿ:

"ಇಲ್ಲಾ…"

ಮೊದಲ ದಿನ ಬೆರಳು ತಂತಿಯಿಂದ ಜಾರಿತು. ಹಾಡಿನಲ್ಲಿ ಆ ಉತ್ತರವಿಲ್ಲ. ಅಕ್ಕ ಬರೆದಿಲ್ಲ. ಇವರೇ ಬರೆದುಕೊಂಡರು. ಈಗ ಅದಿಲ್ಲದೆ ಹಾಡು ಮುಂದೆ ಹೋಗುವುದಿಲ್ಲ.

ಬೀಗದವನು ಹಳೇ ಕೀಲಿ ಉಜ್ಜುತ್ತಾ, "ಏನು ಮಹಾರಾಜರೇ, ಪ್ರಜೆಗಳು ಜಾಸ್ತಿಯಾದರು," ಅಂದ. ನಕ್ಕೆ. ಅವನು ನಗಲಿಲ್ಲ.

ಮೇ 30. ಸಂಜೆ.

"ನನ್ನನ್ನೂ ಒಂದು ದಿನ ಕರಕೊಂಡು ಹೋಗೋ," ಅಂದಳು ಅಕ್ಕ.

ಅವಳ ಮಂಡಿ ಸವೆದಿದೆ. ನಮ್ಮದು ಎರಡನೇ ಮಹಡಿ. ತಿಂಗಳಿಗೊಮ್ಮೆ ಇಳಿದರೆ ಹೆಚ್ಚು. ಕೆಳಗೆ ಬೀದಿ ಬಾಗಿಲ ಹೊರಗೆ ಬೋರ್ಡಿದೆ, 'ಬಟ್ಟೆ ಅಳತೆ ಸರಿ ಮಾಡಿಕೊಡಲಾಗುವುದು, ಎರಡನೇ ಮಹಡಿ'. ಗಿರಾಕಿಗಳೇ ಹತ್ತಿ ಬರುತ್ತಾರೆ, ಹೆಚ್ಚಿನವರು ಈ ಬೀದಿಯ ವಯಸ್ಸಾದವರು. ಅವರ್ಯಾರೂ ಬೆಳಿಗ್ಗೆ ಸುರಂಗ ದಾಟುವವರಲ್ಲ. ಅದೊಂದೇ ನನ್ನನ್ನು ಈವರೆಗೆ ಉಳಿಸಿರುವುದು.

"ಅಲ್ಲಿ ಮೂವತ್ತೆರಡು ಮೆಟ್ಟಿಲು ಅಕ್ಕ."

"ಇಳಿಯೋದಾ, ಹತ್ತೋದಾ?"

"ಎರಡೂ."

"ಹತ್ತೋದು ಆಮೇಲಿನ ಮಾತು. ಇಳಿದು ಕೂತ್ಕೊಂಡ್ರೆ ಆಯ್ತಲ್ಲ."

"ನೆಲ ಥಂಡಿ. ಧೂಳು ಬೇರೆ. ಬೇಸಿಗೆ ಕಳೀಲಿ."

ಬೇಸಿಗೆ ಕಳೆದರೆ ಇನ್ನೇನು ಹೇಳುವೆ? ಒಂದು ಸುಳ್ಳು ಹೆತ್ತವನು ಅದರ ಮಕ್ಕಳು ಮರಿಗೂ ಊಟ ಹಾಕಬೇಕು.

ಗ್ರೂಪಿನವರು ಲೈಬ್ರರಿಯ ಮೇಲಿನ ಹಾಲ್ ಗೊತ್ತು ಮಾಡಿದ್ದಾರೆ. ಮುನ್ನೂರು ಕುರ್ಚಿ. ಮೈಕು, ಲೈಟು, ನನ್ನ ಹೆಸರಿನ ಪೋಸ್ಟರು. ಜೀವಮಾನವಿಡೀ ಬೇಡಿಕೊಂಡದ್ದು. ಪೋಸ್ಟರಿನ ಮೇಲಿನ ಸಾಲು: 'ಅಕ್ಕನ ನೆನಪಿನ ಸಂಜೆ'. ನರ್ಸಮ್ಮ, "ಒಂದು ಫೋಟೋ ಬೇಕು ಅಣ್ಣ, ಸ್ಟೇಜ್ ಮೇಲೆ ಇಡೋಕೆ," ಅಂದಳು.

ಅಕ್ಕನದು ಇರುವುದೇ ಒಂದು. ವಿಂಗಿನಲ್ಲಿ ಸ್ಟೂಲಿನ ಮೇಲೆ ಕೂತದ್ದು, ಬೆರಳು ಪುಸ್ತಕದ ಸಾಲಿನ ಮೇಲೆ, ಅರ್ಧ ಮೈ ಪರದೆಯ ನೆರಳಲ್ಲಿ. ಅವಳು ಸ್ನಾನಕ್ಕೆ ಹೋದಾಗ ಗೋಡೆಯಿಂದ ಇಳಿಸಿದೆ. ಗಾಜು ಬಿರುಕು ಬಿಟ್ಟಿದೆ, ಫ್ರೇಮ್ ಅಂಗಡಿಗೆ ಕೊಟ್ಟೆ ಅಂದೆ. ಅರ್ಧ ನಿಜ. ಅಂಗಡಿಗೆ ಕೊಟ್ಟದ್ದು ನಿಜವೇ.

ಜೂನ್ 11. ಮಧ್ಯಾಹ್ನ ಮೂರು.

ಮನೆಗೆ ಬಂದಾಗ ಅಕ್ಕ ಹೊರಗಿನ ಚಪ್ಪಲಿ ಹಾಕಿಕೊಂಡೇ ಕುರ್ಚಿಯಲ್ಲಿ ಕೂತಿದ್ದಳು. ಮಂಡಿಯ ಮೇಲೆ ಬಿಸಿನೀರಿನ ಚೀಲ.

"ಕೂತ್ಕೋ," ಅಂದಳು.

ಕೂತೆ.

"ನಾನು ಸತ್ತು ಎಷ್ಟು ದಿನ ಆಯ್ತು?"



ಫೋಟೋ ತಡವಾಯಿತೆಂದು ತಾನೇ ಇಳಿದು ಹೋಗಿದ್ದಾಳೆ, ಮೂಲೆಯ ಫ್ರೇಮ್ ಅಂಗಡಿಗೆ. ಶೋಕೇಸಿನಲ್ಲಿ ಅವಳ ಮುಖ — ಎರಡು ಅಡಿ ಎತ್ತರ, ಸುತ್ತ ಕಪ್ಪು ಅಂಚು. ಪುಸ್ತಕ ಇಲ್ಲ, ಬೆರಳಿಲ್ಲ, ಪರದೆಯಿಲ್ಲ. ಮುಖ ಮಾತ್ರ. ಪಕ್ಕದಲ್ಲಿ ಪೋಸ್ಟರು. ಅಂಗಡಿಯವನು ಇವಳನ್ನೂ ಫೋಟೋವನ್ನೂ ನೋಡಿ, "ಎಷ್ಟು ಹೋಲ್ತೀರಿ ಅಮ್ಮ. ನಿಮಗೇನಾಗಬೇಕು ಅವರು?" ಅಂದನಂತೆ.

"ನೀನೇನಂದೆ?"

"ನಮ್ಮ ಅಕ್ಕ ಅಂದೆ. ಪಾಪ, ಬಿಲ್ಲಿನಲ್ಲಿ ಸ್ವಲ್ಪ ದುಡ್ಡು ಬಿಟ್ಟ."

ನಗಬೇಕೋ ಅಳಬೇಕೋ. ಅವಳೇ ಮುಂದುವರಿಸಿದಳು. "ಹೇಗೆ ಸತ್ತೆ? ಕಾಯಿಲೆನಾ?"

"ಹೇಳಿಲ್ಲ ಅಕ್ಕ."

"ಹೇಳೇ ಇಲ್ವಾ? ಅಪ್ಪ ಆಗಿದ್ರೆ ನನಗೆ ಒಂದು ಸೀನಾದರೂ ಕೊಡ್ತಿದ್ದ. ಬಾಣ ನೆಟ್ಟು ಅರ್ಧ ಗಂಟೆ ಮಾತಾಡಿ ಸಾಯೋದು. ನೀನು ವಿಂಗಿನಲ್ಲೇ ಮುಗಿಸಿಬಿಟ್ಟೆ."

ಕಾಲು ಹಿಡಿದುಕೊಂಡೆ. ನಾಳೆಯೇ ಹೋಗಿ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಅಂದೆ. ಅವಳು ನನ್ನ ತಲೆಗೂದಲಲ್ಲಿ ಅಂಟಿದ್ದ ದಾರದ ಎಳೆ ತೆಗೆದಳು.

"ಮುನ್ನೂರು ಕುರ್ಚಿ ಅಂತ ಬರೆದಿತ್ತು ಪೋಸ್ಟರಿನಲ್ಲಿ," ಅಂದಳು ಕೊನೆಗೆ. "ನಿನಗೆ ನಲವತ್ತೇಳು. ಇನ್ಯಾವಾಗ ಸಿಗುತ್ತೆ? ಹಾಡಿ ಮುಗಿಸು. ನಾನೇನು, ಹೊರಗೆ ಬಂದ್ರೆ ತಾನೆ ಕಾಣೋದು."

ಬೈಯಬೇಕಿತ್ತು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಜೂನ್ 26. ಬೆಳಿಗ್ಗೆ.

ಮನೆ ಯಾರಿಗೋ ಗೊತ್ತಾಗಿದೆ. ಬೀದಿಯಲ್ಲಿ ಇಬ್ಬರು ಮೂವರು ನಿಂತು ನಮ್ಮ ಕಿಟಕಿಗೆ ಕೈ ಮಾಡುತ್ತಾರೆ. ಒಮ್ಮೆ ಮೇಲೇ ಬಂದರು, ಒಂದು ಡಬ್ಬಿ ಬಿಸ್ಕತ್ತು ಹಿಡಿದು. "ಒಬ್ಬರೇ ಇರ್ತೀರಿ ಅಂತ…" ಬಾಗಿಲಲ್ಲೇ ಮಾತಾಡಿಸಿದೆ. ಬೆನ್ನ ಹಿಂದೆ ಮೆಷೀನು ನಿಂತುಹೋಯಿತು, ಹೊಲಿಗೆಯ ನಡುವೆ. ಹೋಗುವ ತನಕ ಒಂದು ಉಸಿರೂ ಕೇಳಲಿಲ್ಲ. ಸದ್ದಿಲ್ಲದೆ ಕೂರುವುದು ಅವಳಿಗೆ ಅಭ್ಯಾಸ.

ಆಮೇಲೆ ಬಿಸ್ಕತ್ತು ತಿನ್ನುತ್ತಾ, "ಸತ್ತಿದ್ದಕ್ಕೆ ಕ್ರೀಮ್ ಬಿಸ್ಕತ್ತು," ಅಂದಳು. "ಬದುಕಿದ್ದಾಗ ಯಾರೂ ಕೊಡಲಿಲ್ಲ ನೋಡು."

ಇವತ್ತು ಕೆಳಗಿಳಿದಾಗ ಕಂಡೆ. ಬಾಗಿಲ ಹೊರಗಿನ ಬೋರ್ಡಿಲ್ಲ. ನಾಲ್ಕು ಮೊಳೆಯ ತೂತು ಮಾತ್ರ. ಅವಳೇ ಯಾವಾಗಲೋ ಇಳಿದು ಬಿಚ್ಚಿದ್ದಾಳೆ. ಕಿಟಕಿಗೆ ದಪ್ಪ ಪರದೆ ಹೊಲಿದು ಹಾಕಿದ್ದಾಳೆ. ಮನೆಯೊಳಗೆ ಬಟ್ಟೆಯ ಚಪ್ಪಲಿ ಹಾಕಿ ನಡೆಯುತ್ತಾಳೆ.

ಸಭಿಕರೇ, ಇದಕ್ಕೆ ಏನು ಹೆಸರು? ಅವಳನ್ನು ಒಳಗಿಟ್ಟು ಬೀಗ ಹಾಕಿದವನು ನಾನು. ಆದರೆ ಬೆಳಿಗ್ಗೆ ಏಳಕ್ಕೆ ಅದೇ ಜಾಗಕ್ಕೆ ಹೋಗಿ ಅದೇ ಹಾಡು ಹಾಡಲೇಬೇಕಾದವನೂ ನಾನೇ. ಕೀಲಿ ಯಾರ ಹತ್ತಿರ ಇದೆ?

ಜುಲೈ 6. ಬೆಳಿಗ್ಗೆ ಏಳು. ಸುರಂಗಕ್ಕೆ ಹೋಗಲಿಲ್ಲ.

ನಿನ್ನೆ ಸಂಜೆ ಹಾಲ್. ಬರೆದುಬಿಡುತ್ತೇನೆ.

ಮುನ್ನೂರು ಕುರ್ಚಿ ತುಂಬಿ ಗೋಡೆಯುದ್ದಕ್ಕೂ ಜನ. ಆರು ಗಂಟೆಗೆ ದೀಪ ಆರಿತು. ನನ್ನ ಮೇಲೊಂದು ಲೈಟು, ಬಲಕ್ಕೆ ಅಕ್ಕನ ಮುಖದ ಮೇಲೊಂದು. ಹಾಲಿನಲ್ಲಿ ಗೋಡೆಗೆಲ್ಲ ಬಟ್ಟೆ ಹೊದಿಸಿದ್ದಾರೆ. ಪ್ರತಿಧ್ವನಿಯಿಲ್ಲ. ದನಿ ಬಾಯಿಂದ ಹೊರಟು ಕಾಲ ಬುಡಕ್ಕೇ ಬಿತ್ತು. ಆದರೂ ಎಳೆದೆ. ಎಂಟು ಹಾಡು ಹಾಡಿದೆ. ಚೆನ್ನಾಗಿಯೇ ಹಾಡಿದೆ. ಅಪ್ಪ ಇದ್ದಿದ್ದರೆ…

ಕೊನೆಗೆ ಅಕ್ಕನದು.

"ಇದ್ದೀಯಾ?"

"ಇಲ್ಲಾ…" ಮುನ್ನೂರು ಗಂಟಲು. ನೆಲ ನಡುಗಿತು.

ಎರಡನೇ ಚರಣ ಮುಗಿಯಿತು. ಮೂರನೆಯದಕ್ಕೆ ಬಾಯಿ ತೆರೆದೆ — ಇಲ್ಲ. ಮಾತು ಇಲ್ಲ. ನಲವತ್ತು ವರ್ಷದಲ್ಲಿ ಇಂಥ ಖಾಲಿ ನೋಡಿರಲಿಲ್ಲ. ಮರೆತಾಗ ಏನು ಮಾಡಬೇಕೆಂದು ಕುತ್ತಿಗೆಗೆ ಗೊತ್ತು. ಅದು ತಾನಾಗಿ ಎಡಕ್ಕೆ ತಿರುಗಿತು. ಎಡಗಡೆಯ ವಿಂಗಿಗೆ. ಕಿವಿ ಚಾಚಿ ನಿಂತೆ.

ಅಲ್ಲಿ ಒಂದು ಫೈರ್ ಬಕೆಟ್ಟು ಇತ್ತು. ಮಡಿಚಿಟ್ಟ ಏಣಿ.

ಎಷ್ಟು ಹೊತ್ತು ನಿಂತೆನೋ. ಜನರಿಗೆ ಅರ್ಥವಾಯಿತು, ಅವರಿಗೆ ಬೇಕಾದ ಹಾಗೆ. ಅಣ್ಣನಿಗೆ ದುಃಖ ಉಕ್ಕಿ ಬಂತು ಅಂದುಕೊಂಡರು. ಒಬ್ಬ ಎದ್ದ. ಎಲ್ಲರೂ ಎದ್ದರು. ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಜೀವನದ ಅತಿ ದೊಡ್ಡ ಚಪ್ಪಾಳೆ, ಮಾತು ಮರೆತದ್ದಕ್ಕೆ.

ಮನೆಗೆ ಬಂದು ಹೇಳಿದೆ. ಚಪ್ಪಾಳೆಯ ವಿಷಯ ಅವಳ ಕಿವಿಗೇ ಬೀಳಲಿಲ್ಲ.

"ಮೂರನೇ ಚರಣ ಮರೆತೆಯಾ? ಯಾವ ಸಾಲು?"

"ಮೊದಲನೇದೇ."

ತಟ್ಟನೆ ಬಂತು, ಆ ಹಳೇ ಪಿಸುದನಿಯಲ್ಲಿ, ನನಗೆ ಮಾತ್ರ ಕೇಳುವಷ್ಟು:

*ನಾನು ಹೇಳಿದ್ದು ನೀನಾಡಿದೆ, ನಿನ್ನದೇ ಆಯಿತು ಮಾತು —*

"ಬೇರೆ ಯಾವುದು ಬೇಕಾದರೂ ಮರೀಬಹುದಿತ್ತು," ಅಂದಳು. ಎದ್ದು ಒಳಗೆ ಹೋದಳು.

ಜುಲೈ 20. ಮಧ್ಯಾಹ್ನ.

ನರ್ಸಮ್ಮ ಒಂದು ಕಲ್ಲಿನ ಫಲಕ ಮಾಡಿಸಿದ್ದಾಳೆ. ಸುರಂಗದ ಗೋಡೆಗೆ ಹಾಕಲು ನಗರದ ಆಫೀಸಿನಿಂದ ಒಪ್ಪಿಗೆ ತಂದಿದ್ದಾಳೆ. ಅಕ್ಕನ ನೆನಪಿಗೆ. ಆಗಸ್ಟ್ ನಾಲ್ಕು, ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ. ಕಲ್ಲಿನಲ್ಲಿ ಕೊರೆದ ಮೇಲೆ ಮುಗಿಯಿತು. ಕಲ್ಲನ್ನು ಸರಿಪಡಿಸುವುದು ಹೇಗೆ?

ಇವತ್ತು ಹೇಳಿಯೇ ಬಿಡುವುದು ಅಂತ ಬಾಯಿ ತೆರೆದೆ. "ನರ್ಸಮ್ಮ, ಒಂದು ಮಾತು…"

ಅವಳು ನನಗಿಂತ ಮೊದಲು ಶುರು ಮಾಡಿದಳು. ಅವಳಿಗೊಬ್ಬಳು ತಂಗಿಯಿದ್ದಳಂತೆ. ಅದೇ ಆಸ್ಪತ್ರೆಯಲ್ಲಿ, ಇವಳ ಡ್ಯೂಟಿಯಲ್ಲೇ ಹೋದಳಂತೆ. "ನಾಲ್ಕು ವರ್ಷ ಅಣ್ಣ. ಯಾರ ಹತ್ರಾನೂ 'ಇಲ್ಲ' ಅಂತ ಹೇಳಿರಲಿಲ್ಲ. ಊರಲ್ಲಿದ್ದಾಳೆ, ಚೆನ್ನಾಗಿದ್ದಾಳೆ ಅಂತಿದ್ದೆ. ನಿಮ್ಮ ಹಾಡಲ್ಲಿ ಎಲ್ಲರ ಜೊತೆ ಸೇರಿ ಹೇಳೋಕೆ ಬಂತು. ಈಗ ನಿದ್ದೆ ಬರುತ್ತೆ."

ತೆರೆದ ಬಾಯಿ ಮುಚ್ಚಿಕೊಂಡೆ. ನನ್ನ ಅಕ್ಕ ಬದುಕಿದರೆ ಅವಳ ತಂಗಿ ಇನ್ನೊಂದು ಸಲ ಸಾಯುತ್ತಾಳೆ. ಬಿಸಿ ತುತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೆಟ್ಟಿಲ ಹತ್ತಿರ ಬೀಗದವನ ಪಕ್ಕ ಕುಸಿದು ಕೂತೆ. ಯಾರಿಗಾದರೂ ಹೇಳಬೇಕಿತ್ತು. ಹೇಳಿದೆ.

ಅವನು ಕೀಲಿಯನ್ನು ಬೆಳಕಿಗೆ ಹಿಡಿದು ಹಲ್ಲು ನೋಡುತ್ತಾ, "ಗೊತ್ತು," ಅಂದ.

"ಹೇಗೆ ಗೊತ್ತು?"

"ಜನವರಿಯಲ್ಲಿ ಎರಡು ಕೀಲಿ ಮಾಡಿಸಿದ್ರಿ. ಒಂದು ನನಗೆ, ಒಂದು ಅಕ್ಕನಿಗೆ ಅಂದ್ರಿ. ಫೆಬ್ರುವರಿಯಲ್ಲಿ ಅಕ್ಕ ಸತ್ತು ಬಹಳ ಕಾಲ ಆದ ಹಾಗೆ ಹಾಡಿದ್ರಿ. ನಾನು ಕಿವುಡನಲ್ಲ ಮಹಾರಾಜರೇ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಬಾಗಿಲು ಹಾಕಿಕೊಂಡವರು ಕರೆದರೆ ಹೋಗಿ ತೆಗೀತೀನಿ. ಕರೆಯದೆಯೇ ಹೋಗಿ ತೆಗೆದರೆ ಅದಕ್ಕೆ ಬೇರೆ ಹೆಸರಿದೆ."

ಆಗಸ್ಟ್ 1. ಸಂಜೆ ನಾಲ್ಕು.

ಮೆಷೀನು ಹತ್ತು ದಿನದಿಂದ ಸುಮ್ಮನಿದೆ. ಗಿರಾಕಿಗಳಿಲ್ಲ. ಬೋರ್ಡು ಮಂಚದ ಕೆಳಗಿದೆ.

ಅಕ್ಕ ಊಟ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಜೋಕು ಮಾತ್ರ ನಿಂತಿದೆ. ಅದೇ ನನ್ನನ್ನು ಹೆದರಿಸಿದ್ದು.

ಇವತ್ತು ಸುರಂಗದಿಂದ ಬಂದೆ. ಅವಳ ಕೋಣೆಯ ಬಾಗಿಲು ಅರೆ ಮುಚ್ಚಿತ್ತು, ಪರದೆ ಎಳೆದು ಒಳಗೆ ಕತ್ತಲೆ. ಹೊಸ್ತಿಲಲ್ಲಿ ನಿಂತೆ. ಐವತ್ತಾರು ವರ್ಷದಲ್ಲಿ ಅವಳನ್ನು ಯಾರೂ ಕೇಳದ ಪ್ರಶ್ನೆ. ಕೇಳಿದೆ, ಹಾಡಾಗಿ ಅಲ್ಲ.

"ಅಕ್ಕ, ಇದ್ದೀಯಾ?"

ಉತ್ತರವಿಲ್ಲ.

"ಅಕ್ಕ."

"ಎದ್ದಿದ್ದೀನಿ. ಏನು ಬೇಕು?"

"ಅದಲ್ಲ. ಇದ್ದೀಯಾ ಅಂತ ಕೇಳಿದೆ."

"ಆ ಪಾತ್ರ ಮುಗೀತಲ್ಲೋ. ಊರೆಲ್ಲ ಉತ್ತರ ಹೇಳಿ ಆಯ್ತಲ್ಲ. ನನ್ನದೇನು ಕೇಳ್ತೀಯ."

ಹೊಸ್ತಿಲಲ್ಲೇ ಕೂತೆ. ನಮ್ಮ ಪದ್ಧತಿ ಅಂದರೆ ಪದ್ಧತಿ. ಒಂದು ಉತ್ತರ ಬರದಿದ್ದರೂ ಪರದೆ ಏಳಬಾರದು. ಆರು ತಿಂಗಳಿಂದ ನಾನು ಆಟ ಆಡುತ್ತಿದ್ದೇನೆ.

ಆಗಸ್ಟ್ 3. ಶನಿವಾರ, ಸಂಜೆ ಐದು.

ಬೆಳಿಗ್ಗೆ ಸುರಂಗದಲ್ಲಿ ಹಾಡಲಿಲ್ಲ. ಸೀದಾ ಆಸ್ಪತ್ರೆಗೆ ಹೋದೆ. ಗೇಟಿನ ಎದುರಿನ ಬೆಂಚಿನಲ್ಲಿ ನರ್ಸಮ್ಮನನ್ನು ಕೂರಿಸಿ ಹೇಳಿದೆ. ಪೀಠಿಕೆಯಿಲ್ಲದೆ. ಕೈ ಎತ್ತದೆ. ಜೀವನದಲ್ಲಿ ಮೊದಲ ಸಲ ಮುಂದಿನ ಸಾಲಿಗಷ್ಟೇ ಕೇಳುವ ದನಿಯಲ್ಲಿ.

"ನನ್ನ ಅಕ್ಕ ಬದುಕಿದ್ದಾಳೆ. ಮನೆಯಲ್ಲಿದ್ದಾಳೆ. ಜನ ನಿಲ್ಲಲಿ ಅಂತ ಹಾಗಂದೆ."

ಅವಳು ನನ್ನನ್ನೇ ನೋಡಿದಳು. "ಎಷ್ಟು ವಯಸ್ಸು ಅವರಿಗೆ?"

"ಐವತ್ತಾರು."

"ನನ್ನ ತಂಗಿಗೆ ಇಪ್ಪತ್ತೊಂಬತ್ತು. ಹಾಗಾದ್ರೆ ನಾನು ಇಷ್ಟು ದಿನ ಯಾರಿಗೆ ಇಲ್ಲ ಅಂದೆ?"

"ನಿಮ್ಮ ತಂಗಿಗೆ."

"ಅದನ್ನ ನೀವು ಹೇಳಬೇಡಿ."

ಬ್ಯಾಗು ಎತ್ತಿಕೊಂಡಳು. ಭಾರವಿತ್ತು, ಎರಡೂ ಕೈ ಬೇಕಾಯಿತು. ಫಲಕ ಅದರೊಳಗೇ ಇತ್ತು, ಕಲ್ಲಿನ ಮೂಲೆ ಕಾಣುತ್ತಿತ್ತು. ತಿರುಗಿ ನೋಡದೆ ಗೇಟಿನೊಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಗ್ರೂಪಿನಲ್ಲಿ ಒಂದು ಸಾಲು: 'ನಾಳೆಯ ಕಾರ್ಯಕ್ರಮ ಇಲ್ಲ. ಅಣ್ಣನನ್ನೇ ಕೇಳಿ.' ಅದರ ಕೆಳಗೆ ಪ್ರಶ್ನೆಗಳ ಸಾಲು. ಎಲ್ಲದಕ್ಕೂ ಒಂದೇ ಉತ್ತರ ಬರೆದೆ: 'ಅಕ್ಕ ಇದ್ದಾಳೆ. ನಾನು ಸುಳ್ಳು ಹೇಳಿದ್ದೆ.' ಆಮೇಲೆ ಫೋನು ತೆಗೆದು ನೋಡಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋಗುವ ಸದ್ದು, ಕುರ್ಚಿ ಸರಿಯುವ ಸದ್ದು, ಇಲ್ಲಿಂದಲೇ ಕೇಳಿಸುತ್ತದೆ ನನಗೆ.

ಮಂಚದ ಕೆಳಗಿನಿಂದ ಬೋರ್ಡು ತೆಗೆದು, ಅದೇ ನಾಲ್ಕು ತೂತಿಗೆ ಮೊಳೆ ಹೊಡೆದು ಬಂದೆ. ಅಕ್ಕನ ಬಾಗಿಲ ಮುಂದೆ ನಿಂತು ಎಲ್ಲ ಹೇಳಿದೆ. ಹೇಳಿ, "ನಾಳೆ ಸುರಂಗಕ್ಕೆ ಬರ್ತೀಯಾ?" ಅಂದೆ.

ಎಣಿಸಿದೆ. ನೂರರವರೆಗೆ ಎಣಿಸಿ ಬಿಟ್ಟೆ. ಅಡಿಗೆಮನೆಗೆ ಹೋಗಿ ನೀರು ಕುಡಿದೆ.

ಆಗ ಮೆಷೀನು ಓಡಿತು. ಸ್ವಲ್ಪ ಓಡಿ ನಿಂತಿತು. ಮತ್ತೆ ಓಡಿತು. ಅಡಿಗೆಮನೆಯ ಬಾಗಿಲಿಂದ ಕಂಡದ್ದು: ಅವಳು ಹೊರಗೆ ಬಂದು ಕೂತಿದ್ದಳು, ಮುಂದೆ ಅವಳ ಬೂದು ಕೋಟು. ತನ್ನದೇ. ತೋಳು ಗಿಡ್ಡ ಮಾಡಿಕೊಳ್ಳುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಆ ಹಳೇ ಸ್ಟೂಲಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಏನಾದರೂ ಕೊಡಬೇಕು. ಬೀಳಿಸಿ ನಿಜವಾಗ್ಲೂ ಸಾಯಿಸೀಯ."

ಪೋಸ್ಟರು ಒಂದು ಉಳಿದಿತ್ತು. ಎಂಟು ಮಡಿಕೆ ಮಾಡಿದೆ. ಸರಿಯಾಗಿ ಕೂತಿತು, ಅಲ್ಲಾಡುವುದಿಲ್ಲ.

ಮಹಾಜನಗಳೇ, ಇನ್ನೂ ಯಾರಾದರೂ ಕೂತಿದ್ದರೆ ಕೇಳಿ. ಹಲ್ಲಿ ಇದೆ. ಅಂಗಿ ಒಂದೇ ಇದೆ, ಇನ್ನೊಂದನ್ನು ಒಗೆಯಲು ಹಾಕಿದ್ದೇನೆ.

ನಾಳೆ ಬೆಳಿಗ್ಗೆ ಆರೂವರೆಗೆ ಹೊರಡುತ್ತೇವೆ. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಅಕ್ಕ, ಬೆನ್ನಿಗೆ ಗಿಟಾರು. ಮೂವತ್ತೆರಡು ಮೆಟ್ಟಿಲು, ಎಂಟಕ್ಕೊಮ್ಮೆ ನಿಂತು. ಬೀಗದವನು ಭಾನುವಾರವೂ ಬರುತ್ತೇನೆ ಅಂದಿದ್ದಾನೆ. ಉಳಿದವರು ಬರುವರೋ ಬಾರರೋ. ಬಂದು ಉಗಿಯುವರೋ. ನರ್ಸಮ್ಮ… ಗೊತ್ತಿಲ್ಲ.

ಸ್ಟೂಲನ್ನು ಎಡಕ್ಕೆ ಇಡುವುದಿಲ್ಲ. ನಡುವಿನಲ್ಲಿ, ಗುಂಯ್‌ಗುಡುವ ಆ ಟ್ಯೂಬ್‌ಲೈಟಿನ ನೇರ ಕೆಳಗೆ ಇಡುತ್ತೇನೆ. ಅವಳನ್ನು ಕೂರಿಸುತ್ತೇನೆ. ಗಿಟಾರು ಮುಟ್ಟುವುದಿಲ್ಲ. ಮೊದಲು ಕೇಳುತ್ತೇನೆ, ಒಂದೇ ಸಲ. ಕೇಳಿ, ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಗೋಡೆ ಏನಾದರೂ ಹೇಳಲಿ. ಅವಳು ಹೇಳುವವರೆಗೆ ಶುರು ಮಾಡುವುದಿಲ್ಲ. ಏಳೂ ನಲವತ್ತರ ರೈಲು ಬಂದು ಹೋದರೂ ಸರಿ, ಹತ್ತು ಗಂಟೆಯಾದರೂ ಸರಿ, ನಾಳೆ ನಾನು ಕಾಯುತ್ತೇನೆ.